ಘಟ್ಟದ ದೂರವೂ ಬದುಕಿನ ಗಡುವೂ



ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ.; ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸುಮಾರು 400. ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯು ವಾರಕ್ಕೆ 5 ದಿನದಂತೆ ಸುಮಾರು 5 ವಾರ ನಡೆಯುತ್ತದೆ. ಅಷ್ಟು ದಿನ ತೋಟ, ಕೊಟ್ಟಿಗೆ, ಮಕ್ಕಳನ್ನು ತೊರೆದು ಪರಊರಿನಲ್ಲಿ ಉಳಿಯಬಲ್ಲ ತಾಯಂದಿರೆಷ್ಟು ಮಂದಿ? ಚಿಕಿತ್ಸೆ ನಡುವೆ ನಿಂತರೆ ಗುಣವಾಗುವ ಅವಕಾಶವೂ ಕುಗ್ಗುತ್ತದೆ.

ವಿಕಿರಣ ಯಂತ್ರವನ್ನು ಹಳ್ಳಿಹಳ್ಳಿಗೂ ತರಲಾಗದು, ತಪಾಸಣೆಯನ್ನು ತರಬಹುದು. ಮುಂಬಯಿಯ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಸವರಿ ಪರೀಕ್ಷಿಸಿದ್ದರಿಂದ ಈ ರೋಗದ ಸಾವು ಶೇ. 31ರಷ್ಟು ತಗ್ಗಿತೆಂದು ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2013ರಲ್ಲಿ ತಿಳಿಸಿದರು.

ಮೂವತ್ತು ದಾಟಿದ ಪ್ರತಿ ತಾಯಿಗೂ ಊರಿನ ಉಪಕೇಂದ್ರದಲ್ಲೇ ಈ ಪರೀಕ್ಷೆ ದೊರೆಯಲಿ. ಕಾಡಿಗಾಗಿ ಒಂದಾದ ನಾವು ಇದನ್ನೂ ಗ್ರಾಮಸಭೆಯಲ್ಲಿ ಒಕ್ಕೊರಲಿನಿಂದ ಕೇಳೋಣ.