ಹಕ್ಕು ಕಾಗದದಾಗ ಅದ, ಕಟ್ಟಿಮ್ಯಾಲ ಇಲ್ಲ
(ಮಟಮಾರಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾನವ ಹಕ್ಕು, ಒಳ್ಳೆಯ ಆಡಳಿತ, ಈ ಎರಡರ ಬಗ್ಗೆ ಮಾತಾಡಿ ಅಂತ ನನಗೆ ಹೇಳಿದ್ದಾರೆ. ದಿಲ್ಲಿ ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕುಂತವರು ಬಹಳ ಆಡುವ ಮಾತುಗಳಿವು. ನಮ್ಮ ಓಣಿಯ ಮಾತಿನಲ್ಲಿ ಹೇಳೋದಾದರೆ ಇಷ್ಟೆ. ನನ್ನನ್ನೂ ಮನುಷ್ಯ ಅಂತ ನೋಡು ಅನ್ನೋದು ಮಾನವ ಹಕ್ಕು. ನನ್ನ ಹೆಸರಿಗೆ ಬಂದ ರೊಕ್ಕದ ಲೆಕ್ಕ ತೋರಿಸು ಅನ್ನೋದು ಒಳ್ಳೆಯ ಆಡಳಿತ. ಮೊದಲನೆಯದು ಇಲ್ಲದವನಿಗೆ ಎರಡನೆಯದನ್ನು ಕೇಳುವ ಬಾಯಿ ಇರೋದಿಲ್ಲ. ಎರಡನೆಯದು ಇಲ್ಲದ ಊರಿನಲ್ಲಿ ಮೊದಲನೆಯದು ಬರೀ ಕಾಗದ.

ನಮ್ಮ ಜಿಲ್ಲೆಯನ್ನೇ ನೋಡಿ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಎರಡು ಹೊಳೆಗಳ ನಡುವೆ ಕುಂತವರು ನಾವು. ಆದರೂ 2022ರ ಮೇ ತಿಂಗಳ ಕೊನೆ, ಜೂನ್ ಮೊದಲ ವಾರದಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ವಾಂತಿಭೇದಿ ಹತ್ತಿ ಆಸ್ಪತ್ರೆ ಸೇರಿದರು, ಕೆಲವರು ಸತ್ತೇಹೋದರು. ಆಮೇಲೆ ಎಲ್ಲರೂ ಹೋಗಿ ನೋಡಿದ್ದು ನೀರು ಶುದ್ಧ ಮಾಡುವ ಘಟಕವನ್ನು. ತೊಟ್ಟಿ ತೊಳೆಸುವ ಕೆಲಸ ಯಾರದು, ಕೊನೆಗೆ ತೊಳೆದದ್ದು ಯಾವಾಗ ಅಂತ ಸಾಯುವುದಕ್ಕೆ ಮೊದಲೇ ಕೇಳುವವರು ಇದ್ದಿದ್ದರೆ? ಹೊಳೆ ಬತ್ತಿ ಸತ್ತವರಲ್ಲ ಅವರು. ಲೆಕ್ಕ ಕೇಳುವವರಿಲ್ಲದೆ ಸತ್ತವರು. ಆಡಳಿತ ಕೆಟ್ಟರೆ ಹೋಗುವುದು ಬರೀ ರೊಕ್ಕ ಅಲ್ಲ, ಜೀವ. ಬಾಟಲಿ ನೀರು ಕೊಳ್ಳುವ ಶಕ್ತಿ ಇಲ್ಲದವರ ಜೀವ ಮೊದಲು.

ಈಗ ಕಾಗದದ ಮಾತಿಗೆ ಬರೋಣ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂತು. ನಿಜಾಮನ ಸಂಸ್ಥಾನದಲ್ಲಿದ್ದ ನಮ್ಮ ರಾಯಚೂರಿಗೆ ಅದು ತಲುಪಿದ್ದು 1948ರ ಸೆಪ್ಟೆಂಬರ್‌ನಲ್ಲಿ. 1950ರಲ್ಲಿ ಬಾಬಾಸಾಹೇಬರ ಮುಂದಾಳ್ತನದಲ್ಲಿ ಬರೆದ ಸಂವಿಧಾನ ಜಾರಿಗೆ ಬಂತು. ಅದರ 17ನೇ ವಿಧಿ ಅಸ್ಪೃಶ್ಯತೆ ರದ್ದಾಯಿತು ಅಂದಿತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾನೂನು, 1989ರಲ್ಲಿ ದೌರ್ಜನ್ಯ ತಡೆ ಕಾನೂನು, 2015ರಲ್ಲಿ ಅದಕ್ಕೆ ಇನ್ನಷ್ಟು ಬಲ. ಕಾಗದಕ್ಕೇನೂ ಕಡಿಮೆ ಇಲ್ಲ. ಆದರೆ ಗುಡಿ ಮುಂದಿನ ಕಟ್ಟೆ, ಹೋಟ್ಲಿನ ಬೆಂಚು, ಕಟಿಂಗ್ ಅಂಗಡಿಯ ಕುರ್ಚಿ ಈ ಕಾಗದ ಓದಿಲ್ಲ. 2021ರಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಏನೂ ತಿಳಿಯದ ಎಳೆಗೂಸು ಗುಡಿಯೊಳಗೆ ಓಡಿತೆಂದು ಆ ಮನೆಯವರಿಗೆ ದಂಡ ಹಾಕಲು ಹೊರಟರು. ಕೂಸಿಗೆ ಜಾತಿ ಗೊತ್ತಿರಲಿಲ್ಲ. ಊರಿಗೆ ಗೊತ್ತಿತ್ತು.

ಕಾನೂನು ಕೆಲಸಕ್ಕೆ ಬರುತ್ತದೋ ಇಲ್ಲವೋ ಅಂತ ಕೇಳುವವರಿಗೆ ಎರಡು ಊರಿನ ಕಥೆ ಹೇಳುತ್ತೇನೆ. ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆಪಾದಿತರೆಲ್ಲ ಖುಲಾಸೆ. ಸಾಕ್ಷಿಗಳು ತಿರುಗಿ ನಿಂತಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಏಳು ಹೆಣ ಬಿದ್ದವು, ಕೊಂದವರು ಮಾತ್ರ ಯಾರೂ ಇಲ್ಲ!

ಇನ್ನೊಂದು ಊರು ಗಂಗಾವತಿ ತಾಲೂಕಿನ ಮರಕುಂಬಿ. 1997ರಲ್ಲಿ ಕೊಪ್ಪಳ ಜಿಲ್ಲೆ ಆಗುವ ತನಕ ಅದು ನಮ್ಮ ರಾಯಚೂರು ಜಿಲ್ಲೆಯೇ. ಹೋಟ್ಲಿನೊಳಗೆ, ಕಟಿಂಗ್ ಅಂಗಡಿಯೊಳಗೆ ನಮ್ಮನ್ನೂ ಬಿಡಿ ಅಂದ ಕಾರಣಕ್ಕೆ ಎದ್ದ ದ್ವೇಷದಲ್ಲಿ 2014ರ ಆಗಸ್ಟ್‌ನಲ್ಲಿ ಅಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಹಾಕಿತು. ಮರುತಿಂಗಳೇ ಅವರಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಜಗಳ ಅಲ್ಲಿಗೇ ಮುಗಿಯಲಿಲ್ಲ ಅನ್ನುವುದು ನಿಜ. ಆದರೂ ಎರಡೂ ಊರಿಗೆ ಇದ್ದದ್ದು ಒಂದೇ ಕಾನೂನು. ಒಂದು ಕಡೆ ಸಾಕ್ಷಿ ಕುಸಿಯಿತು, ಇನ್ನೊಂದು ಕಡೆ ನಿಂತಿತು.

ಸಾಕ್ಷಿ ಯಾಕೆ ಕುಸಿಯುತ್ತದೆ? ಅವನು ಹೇಡಿ ಅಂತಲ್ಲ. ನಾಳೆ ಬೆಳಿಗ್ಗೆ ಅವನು ಕೂಲಿಗೆ ಹೋಗಬೇಕಾದ್ದು ಅದೇ ಹೊಲಕ್ಕೆ. ಕಿರಾಣಿ ತರಬೇಕಾದ್ದು ಅದೇ ಅಂಗಡಿಯಿಂದ. ಅವನ ಸಾಲದ ಚೀಟಿ ಇರುವುದು ಅದೇ ಮನೆಯ ಟ್ರಂಕಿನಲ್ಲಿ. ಹೊಟ್ಟೆ ಒಬ್ಬರ ಕೈಯಾಗ ಇದ್ದರ ನಾಲಿಗೆನೂ ಅವರ ಕೈಯಾಗ ಇರ್ತದ. ಅದಕ್ಕೇ ಹಕ್ಕಿನ ಮಾತು ಆಡುವವರು ಆಡಳಿತದ ಮಾತನ್ನೂ ಆಡಲೇಬೇಕು. ಸರ್ಕಾರದಿಂದ ಬರಬೇಕಾದ ಕೂಲಿ, ಮನೆ, ಪಡಿತರ, ಪಿಂಚಣಿ ನೇರವಾಗಿ, ಯಾರ ಕಾಲೂ ಹಿಡಿಯದೆ ಕೈಗೆ ಬಂದರೆ ಆ ಮನುಷ್ಯ ಕೋರ್ಟಿನಲ್ಲಿ ತಲೆ ಎತ್ತಿ ನಿಲ್ಲುತ್ತಾನೆ.

ಅದನ್ನು ಕೇಳುವ ಜಾಗ ಗ್ರಾಮಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು ಅನ್ನುವುದು 1993ರ ಪಂಚಾಯತ್ ಕಾನೂನು. ಮನೆ ಯಾರಿಗೆ, ರಸ್ತೆ ಯಾವ ಓಣಿಗೆ ಅಂತ ತೀರ್ಮಾನ ಆಗಬೇಕಾದ್ದು ಅಲ್ಲಿ. ಆದರೆ ಬಹಳ ಊರುಗಳಲ್ಲಿ ನಡೆಯುವುದೇನು? ಸಭೆ ಮುಗಿದ ಮೇಲೆ ನಮ್ಮ ಓಣಿಗೆ ಡಂಗುರ. ಇಲ್ಲಾ ಸಭೆಯೇ ಇಲ್ಲ, ಮನೆಮನೆಗೆ ಪುಸ್ತಕ ಬರುತ್ತದೆ, ಹೆಬ್ಬೆಟ್ಟು ಒತ್ತು ಅನ್ನುತ್ತಾರೆ. ಏನಕ್ಕೆ ಅಂತ ಕೇಳಿದರೆ "ನಿನಗ ಯಾಕ ಬೇಕವ್ವ, ಒತ್ತು" ಅನ್ನೋದು ಉತ್ತರ. ತಾಯಂದಿರೆ, ಆ ಹೆಬ್ಬೆಟ್ಟು ನಿಮ್ಮ ಪಾಲಿನ ಮನೆಯನ್ನು ಇನ್ನೊಬ್ಬರಿಗೆ ಬರೆದುಕೊಟ್ಟಿರಬಹುದು. ಓದಿಸದೆ ಒತ್ತಬೇಡಿ. ಮೀಸಲಾತಿಯಿಂದ ನಮ್ಮವಳೇ ಅಧ್ಯಕ್ಷಳಾದ ಊರುಗಳೂ ಉಂಟು. ಕುರ್ಚಿ ಆಕೆಯದು, ಮಾತು ಮಾತ್ರ ಹಿಂದೆ ನಿಂತ ಸಾವಕಾರನದು. ಕುರ್ಚಿ ಸಿಕ್ಕರೆ ಸಾಲದು, ಕೂಡಲಿಕ್ಕೂ ಕಲಿಯಬೇಕು.

ರೊಕ್ಕದ ಮಾತು. 2013ರಲ್ಲಿ ನಮ್ಮ ರಾಜ್ಯ ಒಂದು ಕಾನೂನು ಮಾಡಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಜನಸಂಖ್ಯೆ ಎಷ್ಟೋ ಯೋಜನೆಯ ರೊಕ್ಕದಲ್ಲಿ ಅಷ್ಟು ಪಾಲು ಅವರಿಗೆ. 2011ರ ಜನಗಣತಿ ಪ್ರಕಾರ ಅದು ನೂರಕ್ಕೆ 24.10. ಆದರೆ ಆ ಕಾನೂನಿನಲ್ಲೇ 7ಡಿ ಅಂತ ಒಂದು ಕಿಂಡಿ ಇತ್ತು. ಎಲ್ಲರಿಗೂ ಮಾಡುವ ಕೆಲಸಕ್ಕೆ ನಮ್ಮ ರೊಕ್ಕ ಆ ಕಿಂಡಿಯಿಂದ ಹೋಗುತ್ತಿತ್ತು. ಹೋರಾಟ ಮಾಡಿ ಮಾಡಿ 2023ರಲ್ಲಿ ಅದನ್ನು ಮುಚ್ಚಿಸಬೇಕಾಯಿತು. ಒಂದು ಕಿಂಡಿ ಮುಚ್ಚಿದರೆ ಇನ್ನೊಂದು ಹುಡುಕುವವರು ಇದ್ದೇ ಇರುತ್ತಾರೆ. ಕಾವಲು ನಮ್ಮದೇ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ದೂರದ ಪೆಸಿಫಿಕ್ ಸಮುದ್ರದಲ್ಲಿ ಫಿಜಿ ಅಂತ ದ್ವೀಪಗಳಿವೆ. ಬ್ರಿಟಿಷರು 1879ರಿಂದ 1916ರವರೆಗೆ ನಮ್ಮ ದೇಶದ ಅರವತ್ತು ಸಾವಿರ ಬಡವರನ್ನು ಕರಾರಿನ ಮೇಲೆ ಅಲ್ಲಿಯ ಕಬ್ಬಿನ ತೋಟಗಳಿಗೆ ಸಾಗಿಸಿದರು. ಹೆಸರು ಕರಾರು, ಬದುಕು ಜೀತ. ಆ ಕಡೆಯ ದ್ವೀಪಗಳಲ್ಲೂ ಎಷ್ಟೋ ಹಳ್ಳಿಗಳಲ್ಲಿ ಊರ ಮುಖಂಡನ ಮಾತೇ ಕಾನೂನು. 1990ರ ದಶಕದಿಂದ ಅಲ್ಲಿ ಹಕ್ಕಿನ ಕೆಲಸ ಮಾಡುವವರು ವಕೀಲರಿಗಾಗಿ ಕಾಯಲಿಲ್ಲ. ಹಳ್ಳಿಯ ಹೆಣ್ಣುಮಕ್ಕಳಿಗೆ, ಸಾಮಾನ್ಯ ಜನಕ್ಕೆ ಕಾನೂನು ಕಲಿಸಿ ಅವರವರ ಊರಿಗೇ ಕಳಿಸಿದರು. ಅದು ನಮ್ಮಿಂದಲೂ ಆಗುವ ಕೆಲಸ.

ಆದ್ದರಿಂದ ಮೂರು ಕೆಲಸ ಹೇಳಿ ಮುಗಿಸುತ್ತೇನೆ.

ಒಂದು. ಮುಂದಿನ ಗ್ರಾಮಸಭೆಗೆ ಒಬ್ಬೊಬ್ಬರಾಗಿ ಹೋಗಬೇಡಿ, ಓಣಿಗೆ ಓಣಿಯೇ ಹೋಗಿ. ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂಡಲಿ. ನೀವು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ.

ಎರಡು. ಲೆಕ್ಕ ಕೊಡದಿದ್ದರೆ 2005ರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಹತ್ತನೇ ತರಗತಿ ಓದಿದ ಹುಡುಗ ಹುಡುಗಿ ಬರೆಯಬಹುದಾದ ಅರ್ಜಿ ಅದು. ಒಬ್ಬನೇ ಸಹಿ ಹಾಕಿದರೆ ಅವನ ಮೇಲೆ ಕಣ್ಣು. ಹತ್ತು ಮನೆಯಿಂದ ಹತ್ತು ಅರ್ಜಿ ಹೋಗಲಿ.

ಮೂರು. ದೌರ್ಜನ್ಯ ಆದರೆ ರಾಜಿ ಪಂಚಾಯ್ತಿಗೆ ಕೂಡುವ ಮೊದಲು ದೂರು ಬರೆಸಿ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಪರಿಹಾರ ಕೊಡುವುದು ಸರ್ಕಾರದ ಕರ್ತವ್ಯ, ಭಿಕ್ಷೆ ಅಲ್ಲ. ಜಿಲ್ಲಾಧಿಕಾರಿಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು, ಅಲ್ಲಿಗೂ ಅರ್ಜಿ ಕೊಡಿ. ಸಾಕ್ಷಿ ಹೇಳುವವನ ಮನೆಯ ಒಲೆ ಉರಿಯುವಂತೆ ನೋಡಿಕೊಳ್ಳುವುದು ಸರ್ಕಾರದ್ದು ಮಾತ್ರ ಅಲ್ಲ, ನಮ್ಮದೂ. ಕೂಲಿ ನಿಂತರೆ ಓಣಿಯವರು ಒಂದೊಂದು ಸೇರು ಜೋಳ ಹಾಕಿ.

ಮಾದಿಗರ ಓಣಿ ಬೇರೆ, ಚಲವಾದಿ ಓಣಿ ಬೇರೆ ಅಂತ ನಾವೇ ಗೋಡೆ ಕಟ್ಟಿಕೊಂಡರೆ ಈ ಮೂರರಲ್ಲಿ ಒಂದೂ ಆಗೋದಿಲ್ಲ. ಬೆಂಕಿಗೆ ಆ ಗೋಡೆ ಕಾಣೋದಿಲ್ಲ. 1927ರಲ್ಲಿ ಮಹಾಡದ ಕೆರೆಯಲ್ಲಿ ಬಾಬಾಸಾಹೇಬರು ನೀರು ಮುಟ್ಟಿದಾಗ ಬೆನ್ನ ಹಿಂದೆ ಸಾವಿರಾರು ಜನ ಇದ್ದರು. ನಮಗೆ ಸಾವಿರ ಬೇಡ. ಮುಂದಿನ ಗ್ರಾಮಸಭೆಗೆ ನೂರು ಮಂದಿ ಎದ್ದು ನಿಂತರೆ ಸಾಕು.

ಜೈಭೀಮ್.