ದೇವರ ಕರುಣೆ ಮತ್ತು ನಮ್ಮ ಪಾಪನಿವೇದನೆ
(ಶತಮಾನೋತ್ಸವದ ಸಂದರ್ಭದಲ್ಲಿ ನೀಡಿದ ಪ್ರವಚನ)



ಬಿಜೈಯ ಈ ದೇವಾಲಯವು ಸಂತ ಫ್ರಾನ್ಸಿಸ್ ಝೇವಿಯರರಿಗೆ ಸಮರ್ಪಿತವಾದುದು. 1542ರ ಮೇ ತಿಂಗಳಲ್ಲಿ ಗೋವೆಗೆ ಬಂದಿಳಿದ ಆ ಸಂತರು ಆಸ್ಪತ್ರೆಯಲ್ಲಿಯೇ ವಾಸ್ತವ್ಯ ಹೂಡಿ, ರೋಗಿಗಳ ಬಳಿ ಕುಳಿತು ಅವರ ಪಾಪನಿವೇದನೆಯನ್ನು ಆಲಿಸುತ್ತಿದ್ದರು. ಅವರ ಹೆಸರನ್ನು ಹೊತ್ತಿರುವ ನಾವು ಈ ಹಬ್ಬದ ವೇಳೆ ಅದೇ ಸಂಸ್ಕಾರವನ್ನು ಕುರಿತು ಆಲೋಚಿಸುವುದು ಉಚಿತವಾಗಿದೆ.

ದೇವರು ಎಂಥವರೆಂದು ನಾವು ಭಾವಿಸಿದ್ದೇವೆ? ಪಾಪನಿವೇದನೆಯ ವಿಷಯದಲ್ಲಿ ನಮ್ಮ ರೂಢಿಯೇ ಇದಕ್ಕೆ ಉತ್ತರ ಕೊಡುತ್ತದೆ.

ಹಿಂದೊಂದು ಕಾಲದಲ್ಲಿ ಭಯವೇ ಪ್ರಬಲವಾಗಿತ್ತು. 1643ರಲ್ಲಿ ಫ್ರಾನ್ಸಿನ ಆಂಟುವಾನ್ ಆರ್ನೋ ಎಂಬ ಪಂಡಿತರು ಪದೇ ಪದೇ ಪರಮಪ್ರಸಾದ ಸ್ವೀಕರಿಸುವುದನ್ನು ಆಕ್ಷೇಪಿಸಿ ಗ್ರಂಥ ಬರೆದರು. ಜಾನ್ಸೆನಿಸಂ ಎಂಬ ಆ ಕಠೋರ ಬೋಧನೆಯಿಂದ ಅನೇಕ ಭಕ್ತರು ತಾವು ಅಯೋಗ್ಯರೆಂದು ಹೆದರಿ ಪ್ರಭುವಿನ ಪೀಠದಿಂದ ದೂರ ನಿಂತರು. 1905ರ ಡಿಸೆಂಬರ್ 20ರಂದು ಹತ್ತನೆಯ ಪಿಯುಸರ ಕಾಲದಲ್ಲಿ ಹೊರಟ ಆಜ್ಞಾಪತ್ರವು, ಮಾರಕ ಪಾಪವಿಲ್ಲದೆ ಸದುದ್ದೇಶದಿಂದ ಬರುವ ಯಾರಿಗೂ ಅನುದಿನದ ಪರಮಪ್ರಸಾದವನ್ನು ನಿರಾಕರಿಸಬಾರದೆಂದು ಸಾರಿತು.

ಇಂದು ಕಾಣುತ್ತಿರುವುದು ಇನ್ನೊಂದು ಅತಿರೇಕ. ಭಾನುವಾರ ಪರಮಪ್ರಸಾದದ ಸಾಲು ಉದ್ದವಾಗಿದೆ. ಪಾಪನಿವೇದನಾ ಪೀಠದ ಮುಂದಿನ ಸಾಲು ಗಿಡ್ಡವಾಗಿದೆ. ‘ದೇವರು ಕರುಣಾಮಯಿ, ಅವರಿಗೆ ಎಲ್ಲವೂ ತಿಳಿದಿದೆ, ಹೇಳಿಕೊಳ್ಳುವುದೇಕೆ?’ ಎನ್ನುತ್ತೇವೆ. 2000ದ ಏಪ್ರಿಲ್ 30ರಂದು ಸಂತ ಪದವಿ ಪಡೆದ ಸಿಸ್ಟರ್ ಫೌಸ್ಟಿನಾರಿಂದ ಪ್ರಸಿದ್ಧವಾದ ದೈವಕರುಣೆಯ ಚಿತ್ರ ನಮ್ಮ ಅನೇಕ ಮನೆಗಳಲ್ಲಿದೆ. ಆದರೆ ಆ ಭಕ್ತಿಯಲ್ಲಿ ಪಾಪನಿವೇದನೆಯೂ ಒಂದು ಮುಖ್ಯ ಅಂಗವೆಂಬುದನ್ನು ಮರೆಯಬಾರದು.

ಮಾರಕ ಪಾಪಗಳನ್ನು ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕೆಂಬ ಧರ್ಮಸಭೆಯ ಕಟ್ಟಳೆ 1215ರ ಲ್ಯಾಟರನ್ ಮಹಾಸಭೆಯಿಂದ ಬಂದುದು. ಅದು ಕನಿಷ್ಠ ಮಿತಿ ಮಾತ್ರ. ಲಘು ಪಾಪಗಳನ್ನೂ ಆಗಾಗ ನಿವೇದಿಸುವುದರಿಂದ ಆತ್ಮಪರಿಚಯ ಬೆಳೆಯುತ್ತದೆ, ದುರಭ್ಯಾಸಗಳು ತಿದ್ದಲ್ಪಡುತ್ತವೆ ಎಂದು ಹನ್ನೆರಡನೆಯ ಪಿಯುಸರು 1943ರಲ್ಲಿ ಬೋಧಿಸಿದರು. ಅಂಗಡಿಯ ಉದ್ದರಿಯನ್ನು ವಾರವಾರ ತೀರಿಸುವವನು ಅಂಗಡಿಯವನ ಮುಖ ನೋಡಿ ಮಾತನಾಡುತ್ತಾನೆ; ವರ್ಷಗಟ್ಟಲೆ ಬಾಕಿಯಿಟ್ಟವನು ಬೇರೆ ದಾರಿ ಹಿಡಿದು ಹೋಗುತ್ತಾನೆ. ನಮ್ಮ ಸಾಲವನ್ನಾದರೋ ಪ್ರಭುವೇ ತೀರಿಸಿದ್ದಾರೆ. ಹಾಗಿದ್ದೂ ನಾವು ದಾರಿ ತಪ್ಪಿಸಿಕೊಂಡು ಹೋಗುವುದೇಕೆ?

ಇನ್ನು ಕೆಲವರು ಕ್ಷಮೆ ಪಡೆದ ಪಾಪವನ್ನೇ ಅಂಜಿಕೆಯಿಂದ ಮತ್ತೆ ಮತ್ತೆ ಹೇಳುತ್ತಾರೆ. ಅಂಥವರು ದೇವರ ಮಾತನ್ನು ನಂಬಿ ಶಾಂತರಾಗಲಿ. ಆಗಾಗ ಬರುವುದು ಒಳ್ಳೆಯದು. ನಂಬಿಕೆಯಿಂದ ಬರುವುದು ಅದಕ್ಕಿಂತ ಒಳ್ಳೆಯದು.

ಮತ್ತೊಂದು ಮಾತನ್ನು ಹೇಳದೆ ಬಿಡಲಾರೆವು. ಪಾಗಾರದ ಒಂದು ಗೇಣು ಜಾಗಕ್ಕಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಬಲಿಪೂಜೆಯಲ್ಲಿ ಪಾಲ್ಗೊಂಡು, ಎರಡು ಬಾಗಿಲುಗಳಿಂದ ಹೊರಹೋಗುವುದುಂಟು. ಯಾಜಕನು ಪ್ರಭುವಿನ ಹೆಸರಿನಲ್ಲಿ ಪಾಪವಿಮೋಚನೆ ನೀಡಬಲ್ಲನೇ ಹೊರತು, ತಮ್ಮನ ಪರವಾಗಿ ಅಣ್ಣನ ಮನೆಯ ಮೆಟ್ಟಿಲು ಹತ್ತಲಾರನು. ಜಕ್ಕಾಯನು ತಾನು ವಂಚಿಸಿ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದನು. ಕರುಣೆ ಪಡೆದವನು ಕರುಣೆ ತೋರಬೇಕು. ಕಸಿದುದನ್ನು ಹಿಂದೆ ಕೊಡಬೇಕು.

ನಾಚಿಕೆಯಿಂದ ದೂರ ಉಳಿದವರೇ, 2014ರ ಮಾರ್ಚ್ 28ರಂದು ಪೋಪ್ ಫ್ರಾನ್ಸಿಸರು ಸಂತ ಪೇತ್ರರ ಮಹಾದೇವಾಲಯದಲ್ಲಿ ಎಲ್ಲರೆದುರು ಒಬ್ಬ ಸಾಮಾನ್ಯ ಯಾಜಕರ ಮುಂದೆ ಮಂಡಿಯೂರಿ ಪಾಪನಿವೇದನೆ ಮಾಡಿದರು. ಯಾಜಕರಾದ ನಮಗೂ ಇದೇ ದಾರಿ. ನೀವು ಅಲ್ಲಿ ಹೇಳಿದುದನ್ನು ಯಾವ ಕಾರಣಕ್ಕೂ, ಯಾರ ಮುಂದೆಯೂ ನಾವು ಹೊರಗೆಡಹುವಂತಿಲ್ಲ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದಿದ್ದರೆ, ‘ಸ್ವಾಮಿ, ಬಹಳ ವರ್ಷಗಳಾದುವು’ ಎಂದಷ್ಟೇ ಹೇಳಿರಿ. ಮುಂದಿನದಕ್ಕೆ ನಾವು ನೆರವಾಗುವೆವು.