ಸುದ್ದಿಯನ್ನು ಪ್ರಶ್ನಿಸುವ ಅರಿವು ಗ್ರಂಥಾಲಯದಿಂದ ಆರಂಭವಾಗಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳಿಂದ ಆಗಮಿಸಿರುವ ಗ್ರಂಥಪಾಲಕ ಬಂಧುಗಳೇ,



2018ರ ಜುಲೈ 13ರಂದು ನಮ್ಮ ನೆರೆಯ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರೊಬ್ಬರನ್ನು ಗುಂಪೊಂದು ಹೊಡೆದು ಕೊಂದಿತು. ಸಂಗಡಿಗರೊಬ್ಬರು ಮಕ್ಕಳಿಗೆ ಚಾಕೊಲೇಟ್ ಹಂಚಿದ್ದು, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯಾಗಿ ವಾಟ್ಸ್‌ಆಪ್‌ನಲ್ಲಿ ಹರಡಿತ್ತು. ಮೊಬೈಲ್ ಬಳಸಬಲ್ಲವರಿಗೆ ಅದರಲ್ಲಿ ಬಂದುದನ್ನು ಪ್ರಶ್ನಿಸುವ ಅಭ್ಯಾಸವಿರಲಿಲ್ಲ. ಅಕ್ಷರಜ್ಞಾನ ಮಾಹಿತಿಯ ಅರಿವಲ್ಲ ಎಂಬುದಕ್ಕೆ ಇದಕ್ಕಿಂತ ಕ್ರೂರ ಸಾಕ್ಷ್ಯ ಬೇಕೆ?

ಈ ಅರಿವನ್ನು ಕಲಿಸುವುದು ಹೇಗೆ? ಬ್ಯಾನರ್ ಕಟ್ಟಿ, ಜನ ಸೇರಿಸಿ ಭಾಷಣ ಮಾಡಿಸುವುದು ಸುಲಭ. ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ! ಆದರೆ ಅಗತ್ಯವಿಲ್ಲದಾಗ ಕೇಳಿದ್ದು ಅಗತ್ಯ ಬಿದ್ದಾಗ ನೆನಪಾಗದು. ವಿದ್ಯಾರ್ಥಿಯೊಬ್ಬ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಕೇಳಿದರೆ ಉತ್ತರ ಹೇಳಿ ಕಳುಹಿಸಬೇಡಿ. ಇಲಾಖೆಯ ಜಾಲತಾಣವನ್ನು ಅವನಿಂದಲೇ ತೆರೆಸಿ, ಆದೇಶ ಯಾರದು, ಯಾವ ವರ್ಷದ್ದು ಎಂದು ಅವನಿಂದಲೇ ಓದಿಸಿ. ವಾರಕ್ಕೊಮ್ಮೆ ಒಂದೇ ಘಟನೆಯ ಕನ್ನಡ ಮತ್ತು ಉರ್ದು ಪತ್ರಿಕಾ ವರದಿಗಳನ್ನು ಅಕ್ಕಪಕ್ಕ ಇರಿಸಿ, ಯಾರು ಏನನ್ನು ಬಿಟ್ಟಿದ್ದಾರೆ ಎಂದು ಚರ್ಚಿಸಿ. ಓದಲು ಬಾರದ ತಾಯಂದಿರಿಗೆ ಕರಪತ್ರ ನಿರರ್ಥಕ; ಅವರ ಮೊಬೈಲಿಗೆ ಬಂದ ವೀಡಿಯೊವನ್ನೇ ಪಾಠವಾಗಿಸಿ, ಅವರ ಮಾತಿನಲ್ಲೇ ವಿವರಿಸಿ.

ಕೊನೆಗೆ, ಹಿಂದೆ ನೋಡಿರದ ಒಂದು ಸಂದೇಶವನ್ನು ಅವರ ಮುಂದಿಡಿ. ಅದನ್ನು ಪ್ರಶ್ನಿಸಲು ಅವರಿಗೆ ಸಾಧ್ಯವಾಗದಿದ್ದರೆ ದೋಷ ಕಲಿತವರದ್ದಲ್ಲ, ನಮ್ಮ ವಿಧಾನದ್ದು. ಆ ವಿಧಾನವನ್ನು ಬದಲಿಸೋಣ.

ಮದ್ರಸಾದಲ್ಲಿ ನಾವು ಹದೀಸ್ ಶಾಸ್ತ್ರ ಕಲಿತೆವು. ಹೇಳಿದವರ ಸರಪಣಿ, ಅಂದರೆ ಸನದ್. ಹೇಳಿದ ವಿಷಯ, ಅಂದರೆ ಮತನ್. ವಿದ್ವಾಂಸರು ಇವೆರಡನ್ನೂ ಪರೀಕ್ಷಿಸಿದರು. ತಂದವನು ವಿಶ್ವಾಸಾರ್ಹನಲ್ಲದಿದ್ದರೆ ಸುದ್ದಿಯನ್ನು ಪರಿಶೀಲಿಸಿರೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತ ಆದೇಶಿಸುತ್ತದೆ. ಇಂತಹ ಪರಂಪರೆಯ ವಾರಸುದಾರರಾದ ನಾವೇ ಆಧಾರವಿಲ್ಲದ ಮಾತನ್ನು ಹದೀಸ್ ಎಂದು ಹತ್ತು ಗುಂಪುಗಳಿಗೆ ಕಳುಹಿಸುತ್ತೇವೆ. ಇತರರನ್ನು ದೂರುವ ಮೊದಲು ಇದಕ್ಕೆ ನಾಚಬೇಕಲ್ಲವೇ?

2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಅನಂತರ 'ಅರಿವು ಕೇಂದ್ರ'ಗಳಾದವು. ಕಂಪ್ಯೂಟರ್ ಕೊಟ್ಟರಷ್ಟೇ ಸಾಲದು. ಸರಕಾರ ನಿಮಗೆ ತರಬೇತಿ ಮತ್ತು ನ್ಯಾಯವಾದ ವೇತನವನ್ನೂ ಕೊಡಬೇಕು. ಆದರೆ ಅದಕ್ಕಾಗಿ ಕಾಯುತ್ತ ಕೂರುವಷ್ಟು ವ್ಯವಧಾನ ವದಂತಿಗಿಲ್ಲ. ನಾಳೆ ಬಾಗಿಲು ತೆರೆದಾಗ ಬರುವ ಮೊದಲ ಓದುಗನಿಂದಲೇ ಆರಂಭಿಸಿ: "ಇದನ್ನು ನಿನಗೆ ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು?"